ಆಮೆಗೆ ಕಟ್ಟಿದ ಬೆಲೆ

ನನ್ನ ಮೇಜಿನ ಮೇಲೆ ಈಗ ಒಂದು ಮರದ ಬೆಣೆ ಇದೆ. ಮೊನ್ನೆ ಭಾನುವಾರ ಬ್ಯಾಡರಹಳ್ಳಿಯ ಪುಟ್ಟೇಗೌಡರು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ, ಪ್ರಸಾದ ಕೊಡುವಷ್ಟು ಜಾಗ್ರತೆಯಿಂದ ಕೊಟ್ಟು ಹೋದರು. ದಾರ ಬಿಚ್ಚಿದ ಕೂಡಲೇ ಪೆಟ್ರೋಲು, ಕೆಮ್ಮಣ್ಣು, ಬಿಸಿಲಿಗೆ ಕಾದ ರೆಕ್ಸಿನ್ನು, ಮೂರೂ ಬೆರೆತ ಒಂದು ವಾಸನೆ ಎದ್ದು ಬಂತು. ಎಲ್ಲರ ಮೂಗಿಗೂ ಇದು ಬಡಿಯುತ್ತದೆಂದು ನಾನು ವಾದಿಸುವುದಿಲ್ಲ. ಅಮ್ಮ ಮೂಸಿ ನೋಡಿ, "ಇಲಿ ವಾಸನೆ, ಹೊರಗಿಡೇ" ಎಂದಳು. ಆದರೆ ನನ್ನ ಮೂಗಿಗೆ ಐದು ವರ್ಷ ಹಿಂದಿನ ನಮ್ಮ ಕಾರು ಹಾಗೇ ಬಂದು ನಿಂತಿತು.

ರಾಜಾಜಿನಗರದಲ್ಲಿ ನಮ್ಮ ಮನೆಯಿರುವ ಅಡ್ಡರಸ್ತೆ ಇಳಿಜಾರು. ಕಾರಿನ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಅಪ್ಪ ಕಾರು ನಿಲ್ಲಿಸಿದರು ಎಂದರೆ ಯಾರಾದರೂ ಇಳಿದು ಓಡಿ ಹಿಂದಿನ ಚಕ್ರಕ್ಕೆ ಈ ಬೆಣೆ ಕೊಡಬೇಕು. ಎಂಟನೆಯ ವಯಸ್ಸಿನಿಂದ ಆ ಹುದ್ದೆ ನನ್ನದು. ಕಾರಿನ ಬೆನ್ನು ಗುಂಡಗಿತ್ತು, ನಡಿಗೆ ನಿಧಾನವಾಗಿತ್ತು, ಅದಕ್ಕೇ ಬೀದಿಯವರೆಲ್ಲ ಅದನ್ನು ಆಮೆ ಎನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಐವತ್ತೊಂದರ ಮಾಡೆಲ್ಲು. ಕಂಪನಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದೆನೋ, ಈ ಪ್ರಬಂಧ ಇಲ್ಲಿಗೇ ನಿಲ್ಲುತ್ತದೆ. "ಓ, ಅದಾ? ನಮ್ಮ ಷಡ್ಡಕರದ್ದು ಇಷ್ಟಕ್ಕೆ ಹೋಯ್ತು" ಎಂದು ನೀವು ಒಂದು ಬೆಲೆ ಹೇಳುತ್ತೀರಿ, ನಾನು ಅದನ್ನು ಖಂಡಿಸುತ್ತೇನೆ, ಕಾಫಿ ಆರಿಹೋಗುತ್ತದೆ. ಆ ವರ್ಷ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆದದ್ದೇ ಅದು.

ಖಂಡಿಸುವುದು ನನ್ನ ಸ್ವಭಾವವೋ ಶಿಕ್ಷಣವೋ ಇನ್ನೂ ತೀರ್ಮಾನವಾಗಿಲ್ಲ. ಕಾಲೇಜಿನ ಡಿಬೇಟುಗಳಲ್ಲಿ ನಾನು ಗೆದ್ದ ಕಪ್ಪುಗಳನ್ನು ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಷೋಕೇಸಿನಲ್ಲಿ ಇಟ್ಟಿದ್ದಳು. ಬಾಯಿಯನ್ನು ತಿಕ್ಕಲು ಮಾತ್ರ ಅವಳಲ್ಲಿ ಹುಣಸೆಹಣ್ಣು ಇರಲಿಲ್ಲ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ, ಕಳೆದ ವರ್ಷ ಇಟ್ಟ ನಾಲ್ಕು ನಿಂಬೆಹಣ್ಣುಗಳು ಒಂದು ಪಂಕ್ಚರನ್ನೂ ತಡೆಯಲಿಲ್ಲವಲ್ಲ ಎಂದು ಸಾಕ್ಷಿಸಮೇತ ಕೇಳುವವಳು ನಾನು. ಅಪ್ಪ ನನ್ನ ಜತೆ ವಾದಕ್ಕೆ ಇಳಿಯುತ್ತಲೇ ಇರಲಿಲ್ಲ. ಸ್ಪರ್ಧೆಗಳಲ್ಲಿ ವೇಳೆ ಮುಗಿದಾಗ ಗಂಟೆ ಹೊಡೆಯುತ್ತಾರೆಂದು ನಾನೇ ಹಿಂದೊಮ್ಮೆ ಹೇಳಿದ್ದೆ. ಆಮೇಲೆ ನನ್ನ ಮಾತು ಉದ್ದವಾದಾಗಲೆಲ್ಲ ಅವರು ಕಾಫಿಲೋಟಕ್ಕೆ ಉಂಗುರದ ಬೆರಳಿನಿಂದ 'ಟಿಣ್' ಎಂದು ತಟ್ಟುವರು. ಅಷ್ಟೇ. ನಾನು ಕೂರಬೇಕು. ಅದು ನಮ್ಮ ಮನೆಯ ಕಾನೂನು.

ಅಪ್ಪ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಯಂತ್ರಗಳ ಬಿಡಿಭಾಗಗಳನ್ನು ಮಸೂರದ ಕೆಳಗಿಟ್ಟು ಕೂದಲೆಳೆಯಷ್ಟು ಹೆಚ್ಚುಕಡಮೆ ಕಂಡರೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಕಾರಣದ ಚೀಟಿ ಅಂಟಿಸಿ, ಸಹಿ ಮಾಡಿ ವಾಪಸು ಕಳಿಸುವ ಕೆಲಸ. ಮೂವತ್ತು ವರ್ಷ ಬರೀ ತಪ್ಪು ಹುಡುಕಿದ ಮನುಷ್ಯ ಮನೆಯಲ್ಲಿ ಯಾರ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. ಅವರ ಆ ಪಾಲನ್ನು ನಾನು ವಹಿಸಿಕೊಂಡಿದ್ದೆ.

ಪೆಟ್ರೋಲಿನ ಬೆಲೆ ಎಲ್ಲರ ಕೈ ಸುಟ್ಟ ವರ್ಷ ಅದು. ಒಂದು ದಿನ ಊಟದ ಮಧ್ಯೆ ಅಪ್ಪ, "ಆಮೇನ ಮಾರಿಬಿಡೋಣ" ಎಂದರು. ಪೆಟ್ರೋಲು ಕಾರಣವಂತೆ. ನಾನು ತಕ್ಷಣ ಎದ್ದು ನಿಂತೆ, ಎಡಗೈಯಲ್ಲಿ ತಟ್ಟೆ ಹಿಡಿದೇ. ವಾರಕ್ಕೊಂದು ಸಲ ಹೊರಗೆ ತೆಗೆಯುವ ಕಾರು ಅದು. ಕುಡಿಯುವ ಪೆಟ್ರೋಲು ಎಷ್ಟು? ಅಮ್ಮನ ಕಾಫಿಪುಡಿಯ ಖರ್ಚಿಗಿಂತ ಕಡಿಮೆ. ಹಾಗಾದರೆ ಕಾಫಿಯನ್ನೂ ಬಿಡೋಣವೆ?

"ಮಾರೋದು ತೀರ್ಮಾನ ಆಗಿದೆ," ಅಪ್ಪ ಸಾರಿನ ಅನ್ನ ಕಲಸುತ್ತ ಹೇಳಿದರು. "ಬೆಲೆ ಎಷ್ಟು ಅನ್ನೋದು ಮಾತ್ರ ಚರ್ಚೆಗೆ ಇಟ್ಟಿದೀನಿ. ನ್ಯಾಯವಾದ ಬೆಲೆ ಯಾವುದು ಅಂತ ನೀನೇ ಹೇಳು. ನಮಗೂ ಮೋಸ ಆಗಬಾರದು, ತಗೊಳ್ಳೋವ್ರಿಗೂ ಆಗಬಾರದು."

ಇಂಥ ವಿಷಯ ಸಿಕ್ಕಿದರೆ ನಾನು ಬಿಡುತ್ತೇನೆಯೆ? ಹದಿನೈದು ದಿನ ಪೇಪರಿನ ವರ್ಗೀಕೃತ ಜಾಹೀರಾತುಗಳನ್ನು ಕತ್ತರಿಸಿ ಅಂಟಿಸಿದೆ. ಅವು ಮಾರುವವರು ಕೇಳುವ ಬೆಲೆ, ಕೊಳ್ಳುವವರು ಕೊಟ್ಟ ಬೆಲೆಯಲ್ಲ. ಸಾಕ್ಷ್ಯವಾಗಿ ದುರ್ಬಲ ಎಂದು ಹದಿನಾರನೆಯ ದಿನ ನಾನೇ ತಳ್ಳಿಹಾಕಿದೆ. ವಿಜಯನಗರದ ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ, ಬೀಡಿ ಹಚ್ಚಿ, "ಮೂರೂವರೆ ಸಾವಿರ, ಅದೂ ನಿಮ್ಮ ತಂದೆ ಮುಖ ನೋಡಿ" ಎಂದ. "ಮುಖ ನೋಡದಿದ್ದರೆ ಎಷ್ಟು?" ಎಂದು ಕೇಳಿದೆ. ಅವನು ಬಾನೆಟ್ಟು ಮುಚ್ಚಿದ. ಎದುರುಮನೆಯ ಸರೋಜಮ್ಮನವರು ಐದೂವರೆ ಸಾವಿರಕ್ಕೆ ಒಂದು ಕಾಸೂ ಇಳಿಯಕೂಡದೆಂದರು. ಅವರ ಮೂವರು ಹೆಣ್ಣುಮಕ್ಕಳೂ ಹಸೆಮಣೆಗೆ ಹೋದದ್ದು ಆಮೆಯಲ್ಲಿ ಕೂತೇ.

"ಆಂಟಿ, ಅದು ಕಾರಿನ ಗುಣ ಅಲ್ಲ, ನಿಮ್ಮ ನೆನಪು. ಕೊಳ್ಳೋವ್ರು ನಿಮ್ಮ ನೆನಪಿಗೆ ಯಾಕೆ ದುಡ್ಡು ಕೊಡಬೇಕು?"

"ಕೊಡಬೇಕು ಕಣೇ. ಆಮೆ ಮೂರು ಮದುವೆ ಮಾಡಿಸಿದೆ, ಒಂದೂ ಮುರಿದಿಲ್ಲ. ಆ ಮೆಕ್ಯಾನಿಕ್ಕನ ಸ್ಪ್ಯಾನರ್ ಮಾಡಿಸುತ್ತಾ? ನಿನ್ನ ಬಾಯಿ ನೋಡಿದ್ರೆ ನಾಲ್ಕನೇದು ಮಾಡಿಸೋಕೆ ಆ ಕಾರಿಗೂ ಆಗಲ್ಲ ಬಿಡು."

ಆ ವಾದದಲ್ಲಿ ತರ್ಕವಿರಲಿಲ್ಲ, ಆದರೆ ಪೆಟ್ಟು ಇತ್ತು. ಕೊನೆಗೆ ನಾನು ನನ್ನದೇ ದಾರಿ ಹಿಡಿದೆ. ಮೊದಲು ಕಾರಿನ ಪರವಾಗಿ ಹತ್ತು ನಿಮಿಷ, ಆಮೇಲೆ ಕಾರಿನ ವಿರೋಧವಾಗಿ ಹತ್ತು ನಿಮಿಷ, ಹಜಾರದಲ್ಲಿ ನಿಂತು ಮಾತಾಡಿದೆ. ಅಪ್ಪ ಲೋಟ ಹಿಡಿದು ವೇಳೆ ನೋಡಿದರು. ಎರಡನ್ನೂ ತೂಗಿ ನಾಲ್ಕು ಸಾವಿರದ ಐನೂರು ಎಂದು ತೀರ್ಪು ಕೊಟ್ಟೆ. ಇವತ್ತಿಗೂ ಹೇಳುತ್ತೇನೆ, ಆ ತೀರ್ಪಿನಲ್ಲಿ ದೋಷವಿರಲಿಲ್ಲ.

ಅಷ್ಟರಲ್ಲಿ ಪುಟ್ಟೇಗೌಡರು ಕೇಳಿಕೊಂಡು ಬಂದರು. ಬ್ಯಾಡರಹಳ್ಳಿಯ ಒಕ್ಕಲು ಮನೆತನ. ಹೊಲದ ಜತೆಗೆ ಮರದ ವ್ಯಾಪಾರ ಶುರುಮಾಡಿ, ಅಪ್ಪನ ಕಾರ್ಖಾನೆಗೇ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒದಗಿಸುತ್ತಿದ್ದರು. ದೊಡ್ಡ ಸಾಹೇಬರಿಂದ ಗೇಟಿನ ಕಾವಲುಗಾರನವರೆಗೆ ಅಲ್ಲಿ ಎಲ್ಲರೂ ಅವರಿಗೆ ಮಾತಿನ ಗೆಳೆಯರು. ಈ ಸಂಗತಿಯನ್ನು ದಯವಿಟ್ಟು ನೆನಪಿಡಿ. ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿ ಹೋದರು.

ಶನಿವಾರ ಮಧ್ಯಾಹ್ನ ಅಪ್ಪ ಕಾರ್ಖಾನೆಯಿಂದ ಬರುವಾಗ ಜೇಬಿನಲ್ಲಿ ಎರಡು ತುಂಡು ಸೀಮೆಸುಣ್ಣ ತಂದಿದ್ದರು. ಕಾರಿನ ಮೇಲಿರುವ ಒಂದೊಂದು ಗೀರಿಗೂ ಒಂದೊಂದು ತಗ್ಗಿಗೂ ಸುತ್ತು ಹಾಕಬೇಕಂತೆ.

"ಕೊಳ್ಳೋಕೆ ಬರೋವ್ರಿಗೆ ನಾವೇ ತಪ್ಪು ತೋರಿಸೋದಾ?" ನಾನು ಕೇಳಿದೆ. "ಎದುರು ಪಕ್ಷದ ಭಾಷಣ ನಾವೇ ಬರೆದುಕೊಟ್ಟ ಹಾಗೆ!"

"ತೋರಿಸಿ ಮಾರಿದ್ರೆ ಬೆಲೆ. ಮುಚ್ಚಿ ಮಾರಿದ್ರೆ ಬೋನು," ಎಂದರು ಅಪ್ಪ. "ಬಲಗಡೆ ನಾನು ಮಾಡ್ತೀನಿ. ಎಡಗಡೆ ನೀನು ಮಾಡು."

ಅರ್ಧ ಗಂಟೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಸುತ್ತು ಹಾಕಿದೆವು. ಅಮ್ಮ ಹಪ್ಪಳ ಒಣಹಾಕಲು ಹೊರಗೆ ಬಂದವಳು ನಿಂತು ನೋಡಿ, "ಅಯ್ಯೋ, ಆಮೆಗೆ ಅಮ್ಮ ಎದ್ದಿದಾಳಲ್ರೀ! ಬೇವಿನಸೊಪ್ಪು ಕಟ್ಟಿ" ಎಂದು ನಗುತ್ತ ಒಳಗೆ ಹೋದಳು. ನಾನೂ ನಗುತ್ತ ರಸ್ತೆಯ ಆಚೆ ಹೋಗಿ ನಿಂತು ಒಟ್ಟಾರೆ ನೋಟ ನೋಡಿದೆ. ಆಗ ನಗು ನಿಂತಿತು.

ಅಪ್ಪನ ಬದಿಯಲ್ಲಿ ಇದ್ದದ್ದು ಮೂರು ಸುತ್ತು. ನನ್ನ ಬದಿಯಲ್ಲಿ ಹತ್ತೊಂಬತ್ತು.

ನೀವು ಆಕ್ಷೇಪಿಸಬಹುದು: ಓಡಿಸುವವರು ಕೂರುವುದು ಬಲಕ್ಕೆ, ಎಡಮಗ್ಗುಲು ದೂರ, ಗೀರು ಹೆಚ್ಚು ಬೀಳುವುದು ಸಹಜ. ಆಕ್ಷೇಪಣೆ ಸರಿ, ನಾನೂ ಮೊದಲು ಅದನ್ನೇ ಯೋಚಿಸಿದೆ. ಹತ್ತಿರ ಹೋಗಿ ಮತ್ತೆ ನೋಡಿದೆ. ಬಲಗಡೆಯ ಮೂರೂ ತುಕ್ಕು ಕಟ್ಟಿದ ಹಳೆಯ ಗೀರುಗಳು. ಎಡಗಡೆಯ ಹತ್ತೊಂಬತ್ತರಲ್ಲಿ ಹದಿನಾರರ ಒಳಗೆ ತಗಡು ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಈಚೆಗೆ ಆರೇಳು ತಿಂಗಳಲ್ಲಿ ಬಿದ್ದವು. ನಮ್ಮ ಗೇಟಿನ ಎಡಗಂಬದ ಹಸಿರು ಬಣ್ಣ ಮಡ್‌ಗಾರ್ಡಿಗೂ, ಮಡ್‌ಗಾರ್ಡಿನ ಬೂದು ಬಣ್ಣ ಗೇಟಿನ ಕಂಬಕ್ಕೂ ಹತ್ತಿತ್ತು. ಹನ್ನೆರಡು ವರ್ಷ ತಾಗದ ಕಂಬ ಈಗ ಯಾಕೆ ತಾಗುತ್ತದೆ? ಒಂದು ಪುರಾವೆ ಸಿಕ್ಕಿದರೆ ಉಳಿದವು ತಾವಾಗಿ ಬಂದು ಸಾಲು ನಿಲ್ಲುತ್ತವೆ. ಎಡಗಡೆ ಇಟ್ಟ ಕಾಫಿಲೋಟವನ್ನು ಅಪ್ಪ ಎರಡು ಸಲ ಮೊಣಕೈ ತಾಗಿಸಿ ಚೆಲ್ಲಿದ್ದರು. ಎಡದಿಂದ ಯಾರಾದರೂ ಕರೆದರೆ ಇಡೀ ಕುತ್ತಿಗೆಯನ್ನೇ ಹೊರಳಿಸುತ್ತಿದ್ದರು. ನಾನು ಅದನ್ನು ಗತ್ತು ಅಂದುಕೊಂಡಿದ್ದೆ.

ಅಪ್ಪ ಬಾನೆಟ್ಟಿನ ಮುಂದೆ ನಿಂತಿದ್ದರು. ನಾನು ಸದ್ದಿಲ್ಲದೆ ಅವರ ಎಡಕ್ಕೆ ಹೋಗಿ, ಸೀಮೆಸುಣ್ಣವನ್ನು ಅವರ ಕಿವಿಯ ಪಕ್ಕ ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದು, ಮೆಲ್ಲಗೆ ಮುಂದೆ ತಂದೆ. ಕೆನ್ನೆ ದಾಟಿತು, ಹುಬ್ಬು ದಾಟಿತು. ಅವರ ರೆಪ್ಪೆ ಅಲುಗಲಿಲ್ಲ.

"ಸುಣ್ಣದ ವಾಸನೆ ಬರ್ತಿದೆ," ಎಂದರು ಅಪ್ಪ, ಮುಂದೆಯೇ ನೋಡುತ್ತ. "ಕಾಣ್ತಾ ಮಾತ್ರ ಇಲ್ಲ. ಪರೀಕ್ಷೆ ಮುಗೀತಾ?"

ನನ್ನ ಕೈ ಕೆಳಗಿಳಿಯಿತು.

ಡಾಕ್ಟರಿಗೆ ತೋರಿಸಿದ್ದಾರಂತೆ, ನಮಗೆ ಯಾರಿಗೂ ಹೇಳದೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಬಲಗಣ್ಣು ಭದ್ರವಾಗಿದೆ ಎಂದಿದ್ದಾರಂತೆ. "ಮಸೂರದ ಕೆಲಸಕ್ಕೆ ಒಂದೇ ಕಣ್ಣು ಸಾಕು ಮಗಳೇ. ಮೂವತ್ತು ವರ್ಷದಿಂದ ಬಲಗಣ್ಣಲ್ಲೇ ನೋಡಿದೀನಿ. ರೋಡಿಗೆ ಎರಡು ಬೇಕು. ಯಾರಾದರೂ ಮಗು ಅಡ್ಡ ಬಂದ್ರೆ? ಅದಕ್ಕೇ ಮಾರ್ತಾ ಇರೋದು." ರಿಟೈರಾಗಲು ಇನ್ನೂ ಎರಡೂವರೆ ವರ್ಷವಿತ್ತು. ಕಾರ್ಖಾನೆಗೆ ತಿಳಿದರೆ ಒಂದು ಕಣ್ಣೋ ಎರಡು ಕಣ್ಣೋ ಎಂದು ಕೂರಿಸಿ ಕೇಳುವವರಿಲ್ಲ. ಇನ್‌ಸ್ಪೆಕ್ಟರಿಗೆ ಕಣ್ಣು ಕಾಣದಂತೆ ಎಂಬ ಒಂದು ಮಾತು ಸಾಕು, ಮನೆಗೆ ಕಳಿಸುತ್ತಾರೆ. ನನ್ನ ಎಂ.ಎ. ಇನ್ನೂ ಮೊದಲ ವರ್ಷದಲ್ಲಿತ್ತು. ಆದರೆ ಅವರ ಮುಖದಲ್ಲಿದ್ದದ್ದು ಸಂಬಳದ ಚಿಂತೆಯಲ್ಲ. ತಾವು ಹಾಕಿದ ಸಹಿಗಳ ಮೇಲೆಲ್ಲ ಜನ ಸಂಶಯ ಪಡುತ್ತಾರಲ್ಲ ಎಂಬುದು.

"ಹಾಗಾದ್ರೆ ಎಡಗಡೆ ಸುತ್ತುಗಳನ್ನ ಅಳಿಸಿಬಿಡೋಣ," ಎಂದೆ.

"ಉಹುಂ. ಗುರುತು ಅಳಿಸೋದು ಮೋಸ."

"ನಾಳೆ ಗೌಡರು ಕಾರಣ ಕೇಳಿದ್ರೆ?"

"ಕೇಳಿದಾಗ ನೋಡೋಣ."

ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. 'ಕೇಳಿದಾಗ ನೋಡೋಣ' ಎಂದರೆ ಕೇಳಿದಾಗ ನಿಜ ಹೇಳುತ್ತೇನೆ ಎಂದೇ ಅರ್ಥ.

ಭಾನುವಾರ ಹತ್ತು ಗಂಟೆಗೆ ಪುಟ್ಟೇಗೌಡರು ಬಿಳಿ ಪಂಚೆ, ಕರಿ ಕೋಟು ತೊಟ್ಟು ಹಾಜರಾದರು. ಲಾರಿ ಓಡಿಸಿ ಪಳಗಿದ ಕೈ; ಆಮೆಯನ್ನು ತಾವೇ ಒಂದು ಸುತ್ತು ಓಡಿಸಿಕೊಂಡು ಬಂದರು. ನಾನು ಓಡಿ ಬೆಣೆ ಕೊಟ್ಟೆ. ಅವರು ಕಾರಿಗಿಂತ ಮೊದಲು ಬೆಣೆಯನ್ನೇ ಬಗ್ಗಿ ತಟ್ಟಿ ನೋಡಿದರು. "ಹಲಸಿನ ಮರ. ಒಳ್ಳೆ ಸೇಗು, ತಿರುಳೇ ಗಟ್ಟಿ." ಆಮೇಲೆ ಸುಣ್ಣದ ಸುತ್ತುಗಳ ಕಡೆ ತಿರುಗಿದರು.

"ಇದೇನ್ ಸ್ವಾಮಿ, ಮಾರೋರೇ ಗುರುತು ಹಾಕವ್ರೆ? ಇಂಥ ಯವಾರ ನಾನು ನೋಡ್ಲೇ ಇಲ್ಲ!" ಎಂದು ನಕ್ಕು, ನಾನು ಹೇಳಿದ ನಾಲ್ಕೂವರೆ ಸಾವಿರಕ್ಕೆ ಸ್ವಲ್ಪ ಗೊಣಗಿ, ಒಂದೇ ಒಂದು ಸಲ ನಾಲ್ಕೂಕಾಲು ಎಂದು ನೋಡಿ, ನನ್ನ ಐದು ನಿಮಿಷದ ಖಂಡನೆ ಕೇಳಿ, "ಆಯ್ತು ತಾಯಿ, ಉಸಿರು ತಕೋ. ನಾಕೂವರೆ" ಎಂದು ಒಪ್ಪಿಯೇ ಬಿಟ್ಟರು. ಗೆದ್ದೆ. ಅಮ್ಮ ಕಾಫಿ ತಂದುಕೊಟ್ಟು ಒಳಗೆ ಹೋದಳು. ಗೌಡರು ಲೋಟ ಹಿಡಿದು ಎಡಮಗ್ಗುಲಿಗೆ ಹೋದರು. ನಿಂತರು. ಬಗ್ಗಿದರು.

"ಅಲ್ಲ ಸ್ವಾಮಿ, ಎಲ್ಲಾ ಗುದ್ದೂ ಈ ಕಡೀಕೇ ಆಗೈತಲ್ಲ. ಅದೂ ಹೊಸವು. ಯಾಕೆ?"

ಅಪ್ಪ ಲೋಟ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ಇನ್ನೊಂದು ಕ್ಷಣವಾಗಿದ್ದರೆ ಬಾಯಿ ತೆರೆಯುತ್ತಿದ್ದರು. ಸೋಮವಾರ ಬೆಳಗ್ಗೆ ಪ್ಯಾಕಿಂಗ್ ಪೆಟ್ಟಿಗೆಗಳ ಜತೆಗೆ ಆ ಮಾತೂ ಕಾರ್ಖಾನೆಯ ಗೇಟು ದಾಟುತ್ತಿತ್ತು.

"ನಾನು," ಎಂದೆ. "ನಾನು ಡ್ರೈವಿಂಗ್ ಕಲೀತಾ ಇದ್ದೆ. ನಾನೇ ಗುದ್ದಿದ್ದು. ಹದಿನಾರೂ."

ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನಾ?" ಆಮೇಲೆ ನಗು. ಬೀದಿಗೆಲ್ಲ ಕೇಳುವ ನಗು. "ಬಾಯಷ್ಟೇ ಜೋರು ಅಂದ್ಕಂಡಿದ್ದೆ, ಕಾಲೂ ಜೋರೇ! ಹಂಗಾರೆ ಕ್ಲಚ್ಚಿನ ಕಥೆ ಮುಗೀತು ಬುಡಿ. ಕಲಿಯೋರ ಕಾಲಿಗೆ ಸಿಕ್ಕಿದ ಕ್ಲಚ್ಚು ಇವತ್ತು ಇದ್ದಾತು, ನಾಳೆ ಇದ್ದಾತಾ? ನಾಕು ಸಾವಿರದ ನೂರು. ಒಂದು ಕಾಸೂ ಮೇಲಿಲ್ಲ."

ಈ ವಾದವನ್ನು ನಾನು ಎರಡು ವಾಕ್ಯದಲ್ಲಿ ಕೆಡವಬಹುದಿತ್ತು. ಹತ್ತು ನಿಮಿಷ ಹಿಂದೆ ಅವರೇ ಓಡಿಸಿ ನೋಡಿದ ಕ್ಲಚ್ಚು ಅದು. ಹದಿನಾರು ಸಲ ಗೇಟಿಗೆ ಗುದ್ದಿದವಳಿಗೆ ಗೇಟು ದಾಟಿ ಕ್ಲಚ್ಚು ಸವೆಸುವ ಭಾಗ್ಯ ಎಲ್ಲಿ ಬಂತು? ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರ ವಾದವನ್ನು ಕೆಡವಿದರೆ ಅದರ ಕೆಳಗಿದ್ದ ನನ್ನ ಸುಳ್ಳೂ ಬೀಳುತ್ತದೆ. ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಶ್ರಮದ ಕೆಲಸ ಎಂದು ಆವತ್ತು ತಿಳಿಯಿತು. ಅಪ್ಪನ ಕಡೆ ನೋಡಿದೆ. ಅವರು ನನ್ನನ್ನು ನೋಡಲು ಇಡೀ ಕುತ್ತಿಗೆ ಹೊರಳಿಸಿದ್ದರು. ಏನೋ ಹೇಳುತ್ತಾರೆ ಅಂದುಕೊಂಡೆ. ಉಂಗುರದ ಬೆರಳಿನಿಂದ ಲೋಟ ತಟ್ಟಿದರು. ಟಿಣ್.

ಆಮೆ ಆ ಸಂಜೆಯೇ ಮಾಗಡಿ ರಸ್ತೆ ಹಿಡಿದು ಹೋಯಿತು, ಬೆಣೆಯ ಸಮೇತ. ನನಗೆ ಉಳಿದದ್ದು ಖ್ಯಾತಿ. ಹದಿನಾರು ಸಲ ಗುದ್ದಿದ ಹುಡುಗಿ ಎಂದು ಇಡೀ ಅಡ್ಡರಸ್ತೆಗೆ ನಾನು ಪರಿಚಿತಳಾದೆ. ನಾನು ಸೈಕಲ್ ಹತ್ತಿದರೂ ಸರೋಜಮ್ಮ ಮೊಮ್ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. "ಹೇಳದೆ ಕೇಳದೆ ಯಾವಾಗ ಕಲಿಯೋಕೆ ಹೋದ್ಯೇ? ನೋಡೋಕೆ ಬರೋ ಗಂಡಿನೋರ ಕಿವಿಗೆ ಬಿದ್ರೆ?" ಎಂದು ಅಮ್ಮ ಒಂದು ತಿಂಗಳು ಗೋಳಾಡಿದಳು. ಸತ್ಯಕ್ಕಾಗಿ ನೆಂಟರನ್ನೆಲ್ಲ ಎದುರುಹಾಕಿಕೊಂಡವಳಿಗೆ ಒಂದು ಸುಳ್ಳು ಇಷ್ಟು ಗಟ್ಟಿಯಾಗಿ ಅಂಟಿಕೊಂಡಿತು. ಅಂದಹಾಗೆ, ಇವತ್ತಿಗೂ ನನಗೆ ಕಾರು ಓಡಿಸಲು ಬರುವುದಿಲ್ಲ.

ಅಪ್ಪ ಎರಡೂವರೆ ವರ್ಷವನ್ನೂ ಪೂರೈಸಿ, ಹಾರ ಹಾಕಿಸಿಕೊಂಡು ರಿಟೈರಾದರು. ಅವರನ್ನು ಕಾಪಾಡಿದ್ದು ನನ್ನ ಸಮಯಸ್ಫೂರ್ತಿಯ ಒಂದು ಮಾತು ಎಂದು ನಾನು ಐದು ವರ್ಷ ಒಳಗೊಳಗೇ ಬೀಗುತ್ತ ಬಂದೆ. ಎಷ್ಟು ಕಪ್ಪು ಗೆದ್ದಿದ್ದರೂ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು.

ಮೊನ್ನೆ ಪುಟ್ಟೇಗೌಡರು ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ, ಅಮ್ಮನ ಜತೆ ಬಸವೇಶ್ವರನಗರದ ನೆಂಟರ ಮನೆಗೆ ಹೋಗಿದ್ದರು. ಆಮೆಯನ್ನು ಕೆಂಗೇರಿಯ ಯಾರಿಗೋ ಮಾರಿದರಂತೆ. ಹ್ಯಾಂಡ್‌ಬ್ರೇಕ್ ಸರಿಮಾಡಿಸಿ ಕೊಟ್ಟದ್ದರಿಂದ ಬೆಣೆ ಉಳಿಯಿತು. "ಹಲಸಿನ ಮರ, ಒಲೆಗೆ ಹಾಕಾಕೆ ಮನಸ್ ಬರ್ನಿಲ್ಲ" ಎಂದರು. ಕಾಫಿ ಕುಡಿಯುತ್ತ ನಾನು ಹಳೆಯ ಕೋಪ ತೆಗೆದೆ.

"ಆ ಕ್ಲಚ್ಚು ಏನಾಯ್ತು ಗೌಡ್ರೇ? ನಾನೂರು ಇಳಿಸಿದ್ರಲ್ಲ!"

"ಅಯ್ಯೋ, ಅದೇನೂ ಆಗ್ನಿಲ್ಲ. ಆಗಲ್ಲ ಅಂತ ನಿಮ್ಮಪ್ಪಾರು ಮಾರನೇ ದಿನವೇ ಬಂದು ಹೇಳಿದ್ರಲ್ಲ."

ನಾನು ಲೋಟ ಕೆಳಗಿಟ್ಟೆ.

ಸೋಮವಾರ ಅಪ್ಪ ಕೆಲಸ ಮುಗಿಸಿ ಬಸ್ಸು ಹಿಡಿದು, ಕೊನೆಯ ಸ್ಟಾಪಿನಿಂದ ನಡೆದು ಬ್ಯಾಡರಹಳ್ಳಿಗೆ ಹೋಗಿದ್ದರಂತೆ. ಜಗಲಿಯ ಮೇಲೆ ಕೂತು ಹೇಳಿದರಂತೆ: ನನ್ನ ಮಗಳಿಗೆ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿಲ್ಲ. ಗುದ್ದಿದ್ದು ನಾನು, ನನ್ನ ಎಡಗಣ್ಣು ಕಾಣಲ್ಲ. ತಪ್ಪು ಕಾರಣ ಬರೆದ ಚೀಟಿಗೆ ನಾನು ಸಹಿ ಹಾಕೋನಲ್ಲ, ಅದಕ್ಕೆ ಬಂದೆ.

"ನಂಗೆ ನಾಚಿಕೆ ಆಗೋಯ್ತು ಕಣವ್ವ. ಒಳಕ್ಕೋಗಿ ನಾನೂರು ತಂದು ಮುಂದಿಟ್ಟೆ. ಮುಟ್ನಿಲ್ಲ. 'ಅದು ನನ್ನ ಮಗಳು ನನಗೋಸ್ಕರ ಖರ್ಚು ಮಾಡಿದ ದುಡ್ಡು. ನಾನು ವಾಪಸ್ ಇಸ್ಕೊಳ್ಳೋ ಹಂಗಿಲ್ಲ' ಅಂದ್ರು." ಗೌಡರು ಲೋಟದಲ್ಲಿದ್ದ ಕೊನೆಯ ಗುಟುಕು ಮುಗಿಸಿದರು. "ಇನ್ನೊಂದು ಅಂದ್ರೆ, ಕಾರ್ಖಾನೇಲಿ ಹೇಳ್ಬ್ಯಾಡಿ ಅಂತ ಒಂದು ಮಾತೂ ಕೇಳ್ನಿಲ್ಲ. ಕೇಳಿದ್ದಿದ್ರೆ ನನ್ ಬಾಯಿ ತಡೀತಿತ್ತೋ ಇಲ್ವೋ. ಕೇಳ್ದೆ ಎದ್ದೋದ್ರಲ್ಲ, ಕಟ್ಟಾಕ್ಬುಟ್ರು ನನ್ನ."

ಐದು ವರ್ಷ ಬೀಗಿದ ಗೆಲುವು ಹೀಗೆ ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಕೈಬಿಟ್ಟು ಹೋಯಿತು. ನನ್ನ ವಾದವನ್ನು ಅಪ್ಪ ಇಪ್ಪತ್ತನಾಲ್ಕು ಗಂಟೆಯೊಳಗೆ ಖಂಡಿಸಿದ್ದರು, ನಾನೇ ಇಲ್ಲದ ಸಭೆಯಲ್ಲಿ, ಎದುರು ಪಕ್ಷದ ಜಗಲಿಯ ಮೇಲೆ. ಖಂಡಿಸಿದವರು ಮನೆಗೆ ಬಂದು ಎಂದಿನಂತೆ ಕೈಕಾಲು ತೊಳೆದು ಊಟಕ್ಕೆ ಕೂತಿದ್ದರು.

ಸಂಜೆ ಅಪ್ಪ ಬಂದು ವರಾಂಡದ ಕುರ್ಚಿಯಲ್ಲಿ ಕೂತರು. ಅವರ ಬಲಗಡೆಗೆ ಕಾಫಿ ಇಟ್ಟು, ಬೆಣೆಯನ್ನು ಕೈಗೆ ಕೊಟ್ಟೆ. ಮೂಸಿದರು. ನಕ್ಕರು.

"ಬ್ಯಾಡರಹಳ್ಳಿಗೆ ಹೋಗಿದ್ರಂತೆ," ಎಂದೆ.

"ಆವತ್ತು ಬಸ್ಸು ಬೇಗ ಸಿಕ್ತು."

"ನಾನಿಲ್ಲದಾಗ ನನ್ನ ವಾದ ಖಂಡಿಸೋದು ನಿಯಮಕ್ಕೆ ವಿರುದ್ಧ."

"ನೀನಿದ್ದಿದ್ರೆ ಗೆಲ್ತಿದ್ದೆ. ಅದಕ್ಕೇ ಒಬ್ಬನೇ ಹೋದೆ."

"ಸರಿ, ಈಗಲಾದ್ರೂ ಹೇಳಿ. ನಾನು ಹೇಳಿದ್ದು ನಾಲ್ಕೂವರೆ ಸಾವಿರ. ಬಂದದ್ದು ನಾಲ್ಕು ಸಾವಿರದ ನೂರು. ಯಾವುದು ನ್ಯಾಯವಾದ ಬೆಲೆ?"

"ಬಂದದ್ದೇ."

"ಅದು ಹೇಗೆ?"

"ಮಾರಿದೋನಿಗೂ ಆ ರಾತ್ರಿ ನಿದ್ದೆ ಬಂತು, ಕೊಂಡೋನಿಗೂ ಬಂತು," ಎಂದರು ಅಪ್ಪ, ಬೆಣೆಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು.

ಇದೊಂದು ವಾದವೆ? ನಿದ್ದೆ ಬರುವುದಕ್ಕೆ ನ್ಯಾಯವೇ ಕಾರಣವಾಗಬೇಕಿಲ್ಲ. ಮೋಸಗಾರರೂ ಗೊರಕೆ ಹೊಡೆಯುತ್ತಾರೆ. ಕೊಂಡವನ ನಿದ್ದೆ ಮಾರಿದವನಿಗೆ ಗೊತ್ತಾದದ್ದಾದರೂ ಹೇಗೆ? ಮೂರು ಆಕ್ಷೇಪಣೆಗಳು ಸಾಲಾಗಿ ಸಿದ್ಧವಾಗಿದ್ದವು. ನಾನು ಉಸಿರು ಎಳೆದುಕೊಂಡೆ. ಅಪ್ಪನ ಉಂಗುರದ ಬೆರಳು ಲೋಟದ ಕಡೆ ಹೊರಟಿತು. ಅದು ತಲಪುವ ಮೊದಲೇ ನಾನು ಅವರ ಎಡಗಡೆಯ ಕುರ್ಚಿಯಲ್ಲಿ ಕೂತುಬಿಟ್ಟೆ.

ಮೂರು ಆಕ್ಷೇಪಣೆಗಳೂ ಈಗಲೂ ಸರಿಯಾಗಿಯೇ ಇವೆ. ಹೇಳಲಿಲ್ಲ, ಅಷ್ಟೆ.